ಅರ್ಥ ಆಗದೆ ‘ಹೂಂ’ ಅನ್ನಬಾರದು: ಸಮರ್‌ಕಂದ್‌ನ ಒಂದು ತರಗತಿಯ ನಿಯಮ

ಕಾಲೇಜು ಶುರುವಾದ ಮೊದಲ ವಾರ ತ್ರಿಕೋನಮಿತಿಯ ತರಗತಿಗೆ ಹೋದಾಗ ನಾವು ಟೀಚರ್‌ಗಳು ಮೊದಲು ಮಾಡೋ ಕೆಲಸ ಅಂದರೆ ನಿಯಮಗಳನ್ನು ಓದಿ ಹೇಳೋದು. ಹಾಜರಾತಿ 75 ಪರ್ಸೆಂಟ್ ಇರಬೇಕು. ಟೆಸ್ಟ್ ತಪ್ಪಿಸಿಕೊಂಡರೆ ಮತ್ತೆ ಟೆಸ್ಟ್ ಇಲ್ಲ. ಕ್ಯಾಲ್ಕುಲೇಟರ್ ತರುವ ಹಾಗಿಲ್ಲ. ಸೂತ್ರಗಳು ಬಾಯಿಪಾಠ ಇರಬೇಕು. ಇಷ್ಟು ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳ್ತೀವಿ: “ಎಲ್ಲರಿಗೂ ಅರ್ಥ ಆಯ್ತಾ?” ಇಡೀ ತರಗತಿ ಒಂದೇ ದನಿಯಲ್ಲಿ “ಆಯ್ತು ಮೇಡಂ” ಅನ್ನುತ್ತೆ.

ಮುಂದೆ ವರ್ಷವಿಡೀ ಇದೇ ನಡೆಯುತ್ತೆ. ಬೋರ್ಡ್ ಮೇಲೆ ಒಂದು ಸಾಧನೆ ಬರೆದು ತಿರುಗಿ ಕೇಳಿದರೆ “ಆಯ್ತು ಮೇಡಂ”. ಟೆಸ್ಟ್ ದಿನ ನೋಡಿದರೆ ಅರ್ಧ ಹಾಳೆಗಳು ಖಾಲಿ. ಇದು ಮಕ್ಕಳ ಸೋಮಾರಿತನ, ಮೊಬೈಲ್ ಪ್ರಭಾವ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಸುಮಾರು ಆರು ನೂರು ವರ್ಷದ ಹಿಂದೆ ಒಬ್ಬ ಮಗ ತನ್ನ ತಂದೆಗೆ ಬರೆದ ಪತ್ರದ ಬಗ್ಗೆ ಓದಿದ ಮೇಲೆ ಆ ಅಭಿಪ್ರಾಯ ಬದಲಾಯಿತು. ನಮ್ಮ ನಿಯಮಗಳ ಪಟ್ಟಿಯಲ್ಲಿ ಎಲ್ಲವೂ ಇದೆ, ಮುಖ್ಯವಾದದ್ದೇ ಬಿಟ್ಟುಹೋಗಿದೆ ಅಂತ ಅನಿಸಿತು.

ಪತ್ರ ಬರೆದವರು ಗಿಯಾಸುದ್ದೀನ್ ಜಮ್‌ಷೀದ್ ಅಲ್-ಕಾಶಿ. ಇರಾನ್‌ನ ಕಾಶಾನ್ ಊರಿನವರು. ಪೈ ಬೆಲೆಯನ್ನು 1424ರಲ್ಲಿ ದಶಮಾಂಶದ 16 ಸ್ಥಾನಗಳಷ್ಟು ನಿಖರವಾಗಿ ಕಂಡುಹಿಡಿದ ಗಣಿತಜ್ಞ. ಅವರನ್ನು ಸಮರ್‌ಕಂದ್‌ಗೆ ಕರೆಸಿಕೊಂಡಿದ್ದವರು ತೈಮೂರನ ಮೊಮ್ಮಗ ಉಲುಗ್ ಬೇಗ್. ರಾಜನಾಗಿದ್ದರೂ ಮನಸ್ಸೆಲ್ಲ ನಕ್ಷತ್ರ ಮತ್ತು ಗಣಿತದ ಕಡೆ ಇದ್ದ ಮನುಷ್ಯ. 1420ರ ಹೊತ್ತಿಗೆ ಸಮರ್‌ಕಂದ್‌ನ ರೇಗಿಸ್ತಾನ್ ಚೌಕದಲ್ಲಿ ಅವರು ಕಟ್ಟಿಸಿದ ಮದ್ರಸಾ ಸಿದ್ಧವಾಯಿತು. ಆ ಕಟ್ಟಡ ಇವತ್ತಿಗೂ ನಿಂತಿದೆ. ಮದ್ರಸಾ ಅಂದ ಕೂಡಲೇ ಈಗ ಜನರ ಮನಸ್ಸಿಗೆ ಬರುವ ಚಿತ್ರವೇ ಬೇರೆ. ಅಲ್ಲಿ ದೀನಿ ಪಾಠಗಳ ಜೊತೆ ಗಣಿತ, ಖಗೋಳಶಾಸ್ತ್ರ ಕೂಡ ನಡೀತಿತ್ತು. ಖಾಜಿಜಾದಾ ರೂಮಿಯಂಥ ದೊಡ್ಡ ಗಣಿತಜ್ಞರು ಅಲ್ಲಿ ಉಸ್ತಾದರಾಗಿದ್ದರು.

ಊರಲ್ಲಿದ್ದ ಅಬ್ಬಾಜಾನ್‌ಗೆ ಕಾಶಿ ಬರೆದ ಪತ್ರದಲ್ಲಿ ಆ ತರಗತಿಗಳ ಒಳಗಿನ ಚಿತ್ರ ಸಿಗುತ್ತೆ. ಉಲುಗ್ ಬೇಗ್ ಸ್ವತಃ ಪಾಠದ ಜಾಗಕ್ಕೆ ಬಂದು ಕೂರುತ್ತಿದ್ದರು, ಚರ್ಚೆ ಮಾಡುತ್ತಿದ್ದರು. ಅವರ ಒಂದು ಷರತ್ತು ಏನಪ್ಪಾ ಅಂದರೆ, ವಿಷಯ ಪೂರ್ತಿ ತಿಳಿಯುವ ತನಕ ಯಾರೂ ಒಪ್ಪಿಗೆ ಸೂಚಿಸಬಾರದು; ಎದುರಿಗಿರುವವರನ್ನು ಮೆಚ್ಚಿಸೋಕೆ ಅರ್ಥ ಆದವರ ಹಾಗೆ ನಟಿಸಬಾರದು. ಯಾರಾದರೂ ರಾಜನ ಮಾತು ಅನ್ನುವ ಕಾರಣಕ್ಕೆ ತಲೆ ಆಡಿಸಿದರೆ ಅವರಿಗೆ ಬೇಸರ ಆಗುತ್ತಿತ್ತಂತೆ. ಕೆಲವೊಮ್ಮೆ ಬೇಕಂತಲೇ ತಪ್ಪಾದ ಒಂದು ಮಾತನ್ನು ಮುಂದಿಡುತ್ತಿದ್ದರು. ಮರ್ಯಾದೆಗೆ ಅಂತ ಯಾರಾದರೂ ‘ಹೌದು’ ಅಂದುಬಿಟ್ಟರೆ, ಅದೇ ಪ್ರಶ್ನೆಯನ್ನು ಮತ್ತೆ ಎತ್ತಿ ಆ ಮನುಷ್ಯನಿಗೆ ನಾಚಿಕೆಯಾಗುವಂತೆ ಮಾಡುತ್ತಿದ್ದರು.

ತನ್ನ ಯಜಮಾನನ ಬಗ್ಗೆ ಬರೆಯುವಾಗ ಕಾಶಿ ಸ್ವಲ್ಪ ಹೊಗಳಿರಬಹುದು. ಆದರೆ ಹೊಗಳೋದಕ್ಕೆ ಅವರು ಆರಿಸಿಕೊಂಡ ಗುಣ ಯಾವುದು ನೋಡಿ. ಯುದ್ಧ ಗೆದ್ದ ಅಂತಲೋ, ದಾನ ಮಾಡಿದ ಅಂತಲೋ ಅಲ್ಲ. ತನ್ನ ಮುಂದೆ ಸುಳ್ಳು ‘ಹೂಂ’ ಸಹಿಸದ ದೊರೆ ಅಂತ.

ಈ ನಿಯಮ ಬರೀ ಒಳ್ಳೆಯ ನಡತೆಯ ಪಾಠ ಆಗಿರಲಿಲ್ಲ. ಅವರು ಮಾಡುತ್ತಿದ್ದ ಕೆಲಸಕ್ಕೆ ಅದು ಬೇಕೇಬೇಕಿತ್ತು. ನಮಾಜಿನ ವೇಳೆ, ಕಿಬ್ಲಾದ ದಿಕ್ಕು, ಗ್ರಹಗಳ ಸ್ಥಾನ, ಇವುಗಳ ಲೆಕ್ಕಕ್ಕೆ ಸೈನ್ ಕೋಷ್ಟಕ ಬೇಕು. ಉಲುಗ್ ಬೇಗ್ ತಂಡ 1437ರ ಹೊತ್ತಿಗೆ ಸಿದ್ಧಪಡಿಸಿದ ‘ಜೀಜ್-ಎ-ಸುಲ್ತಾನಿ’ಯಲ್ಲಿ ಒಂದೊಂದು ಡಿಗ್ರಿಗಲ್ಲ, ಡಿಗ್ರಿಯ ಅರವತ್ತನೇ ಒಂದು ಭಾಗವಾದ ಒಂದೊಂದು ಮಿನಿಟಿಗೂ ಸೈನ್ ಬೆಲೆ ಇದೆ. ಅಂದರೆ 90 ಡಿಗ್ರಿಗೆ 90 ಗುಣಿಸು 60, ಒಟ್ಟು 5,400 ಬೆಲೆಗಳು. ಈ ಇಡೀ ಕೋಷ್ಟಕಕ್ಕೆ ಬುನಾದಿ ಒಂದು ಡಿಗ್ರಿಯ ಸೈನ್. ಅದು ತಪ್ಪಿದರೆ ಮೇಲೆ ಕಟ್ಟಿದ್ದೆಲ್ಲ ವಾಲುತ್ತೆ. ಅಲ್ಲಿ ಒಬ್ಬರು ಅರ್ಥ ಆಗದೆ ‘ಹೂಂ’ ಅಂದರೆ ಆ ತಪ್ಪು ಸಾವಿರಾರು ಬೆಲೆಗಳೊಳಗೆ ಹೋಗಿ ಕೂರುತ್ತೆ.

ಆದರೆ ಒಂದು ಡಿಗ್ರಿಯ ಸೈನ್ ಸುಲಭಕ್ಕೆ ಸಿಗುವಂಥದ್ದಲ್ಲ. 18 ಡಿಗ್ರಿ ಮತ್ತು 15 ಡಿಗ್ರಿಯ ಬೆಲೆಗಳನ್ನು ಜ್ಯಾಮಿತಿಯಿಂದ ಪಡೆದು, ವ್ಯತ್ಯಾಸದ ಸೂತ್ರ ಹಾಕಿದರೆ 3 ಡಿಗ್ರಿ ಸಿಗುತ್ತೆ. ಅಲ್ಲಿಗೆ ದಾರಿ ಕಟ್ಟು. ಕೋನವನ್ನು ಮೂರು ಭಾಗ ಮಾಡುವ ಸಮಸ್ಯೆ ಎದುರಾಗುತ್ತೆ. ಇಲ್ಲಿ ಕಾಶಿ ಬಳಸಿದ್ದು ನಮ್ಮ ಪಿಯುಸಿ ಮಕ್ಕಳು ಬಾಯಿಪಾಠ ಮಾಡುವ ಸೂತ್ರವನ್ನೇ: ಕೋನದ ಮೂರು ಪಟ್ಟಿನ ಸೈನ್ ಅಂದರೆ, ಆ ಕೋನದ ಸೈನ್‌ನ ಮೂರು ಪಟ್ಟಿನಲ್ಲಿ ಅದರ ಘನದ ನಾಲ್ಕು ಪಟ್ಟನ್ನು ಕಳೆದದ್ದು.

ಮಕ್ಕಳು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. 3 ಡಿಗ್ರಿಯ ಸೈನ್ 0.0523360. ಘನದ ಭಾಗ ತುಂಬ ಚಿಕ್ಕದು, ಅದನ್ನು ಸದ್ಯಕ್ಕೆ ಬಿಟ್ಟು ಮೂರರಿಂದ ಭಾಗಿಸಿ: 0.0174453. ಇದು ಮೊದಲ ಅಂದಾಜು. ಈಗ ಈ ಸಂಖ್ಯೆಯ ಘನ ಮಾಡಿ ನಾಲ್ಕರಿಂದ ಗುಣಿಸಿದರೆ 0.0000212. ಅದನ್ನು 0.0523360ಕ್ಕೆ ಸೇರಿಸಿ ಮತ್ತೆ ಮೂರರಿಂದ ಭಾಗಿಸಿ: 0.0174524. ಒಂದೇ ಸುತ್ತಿಗೆ ಏಳು ಸ್ಥಾನ ಸರಿಯಾಗಿ ಬಂತು. ಬಂದ ಉತ್ತರವನ್ನೇ ಮತ್ತೆ ಒಳಗೆ ಹಾಕಿ ತಿರುಗಿಸುತ್ತಾ ಹೋದರೆ ಇನ್ನೂ ನಿಖರ. ಕಾಶಿ ಅರವತ್ತರ ಮಾನದಲ್ಲಿ, ಕೈಯಲ್ಲಿ ಲೆಕ್ಕ ಮಾಡಿ, ಈಗಿನ ದಶಮಾಂಶದಲ್ಲಿ ಹೇಳುವುದಾದರೆ ಕನಿಷ್ಠ 15 ಸ್ಥಾನ ಸರಿಯಾಗಿರುವಷ್ಟು ದೂರ ಹೋದರು. ಇದನ್ನು ಒಮ್ಮೆ ಮಾಡಿದ ಹುಡುಗನಿಗೆ ಆ ಸೂತ್ರ ಯಾಕೆ ಬೇಕು ಅಂತ ಯಾರೂ ಹೇಳಬೇಕಾಗಿಲ್ಲ.

ಸಮರ್‌ಕಂದ್ ದೂರದ ಊರು, ನಮಗೂ ಅದಕ್ಕೂ ಏನು ಸಂಬಂಧ ಅಂತ ಕೇಳುವವರು ಇದ್ದಾರೆ. ಅದೇ ಕಾಲದಲ್ಲಿ ನಮ್ಮ ಕಲಬುರಗಿಯಲ್ಲಿ ಏನು ನಡೀತಿತ್ತು ನೋಡೋಣ. 1397ರಿಂದ 1422ರವರೆಗೆ ಅಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಾಹ್ ಆಳಿದರು. ಸುಮಾರು ಎರಡು ನೂರು ವರ್ಷದ ನಂತರ ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಶಾಹ್ ಆಸ್ಥಾನದಲ್ಲಿ ಕೂತು ಇತಿಹಾಸ ಬರೆದ ಫರಿಶ್ತಾ, ಫಿರೋಜ್ ಶಾಹ್ ಬಗ್ಗೆ ಒಂದು ಟೈಮ್ ಟೇಬಲನ್ನೇ ಕೊಟ್ಟಿದ್ದಾನೆ. ಶನಿವಾರ, ಸೋಮವಾರ, ಗುರುವಾರ, ವಾರಕ್ಕೆ ಮೂರು ದಿನ ಸುಲ್ತಾನರೇ ಪಾಠ ಹೇಳುತ್ತಿದ್ದರು. ವಿಷಯಗಳಲ್ಲಿ ಯೂಕ್ಲಿಡ್‌ನ ಜ್ಯಾಮಿತಿ, ನಸೀರುದ್ದೀನ್ ತೂಸಿಯ ಖಗೋಳ ಗ್ರಂಥ ‘ತಜ್ಕಿರಾ’ದ ವ್ಯಾಖ್ಯಾನ ಎಲ್ಲ ಇತ್ತು. ಹಗಲು ರಾಜ್ಯದ ಕೆಲಸದಲ್ಲಿ ಪಾಠ ತಪ್ಪಿದರೆ ಅದನ್ನು ರಾತ್ರಿ ತೆಗೆದುಕೊಳ್ಳುತ್ತಿದ್ದರು! ತಪ್ಪಿದ ಕ್ಲಾಸಿಗೆ ಮಕ್ಕಳನ್ನು ಮಾತ್ರ ಹೊಣೆ ಮಾಡುವ ನಮ್ಮ ನಿಯಮದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅಲ್ಲಿ ತಪ್ಪಿದ ಪಾಠದ ಸಾಲ ಉಸ್ತಾದರ ತಲೆ ಮೇಲಿತ್ತು.

1407ರಲ್ಲಿ ಫಿರೋಜ್ ಶಾಹ್ ದೌಲತಾಬಾದ್ ಹತ್ತಿರ ಒಂದು ವೀಕ್ಷಣಾಲಯ ಕಟ್ಟಿಸಲು ಶುರು ಮಾಡಿದರು. ಹಕೀಮ್ ಹಸನ್ ಗೀಲಾನಿ ಎಂಬ ವಿದ್ವಾಂಸ ತೀರಿಕೊಂಡಿದ್ದರಿಂದ ಅದು ಅರ್ಧಕ್ಕೆ ನಿಂತಿತು. ಉಲುಗ್ ಬೇಗ್ ವೀಕ್ಷಣಾಲಯ ಇನ್ನೂ ಎದ್ದಿರಲಿಲ್ಲ ಆಗ. ಕಲಬುರಗಿಗೆ ಹೋದವರು ದರ್ಗಾಕ್ಕೆ ಹೋಗಿ ಬರ್ತಾರೆ. ಹಫ್ತ್ ಗುಂಬಜ್‌ನಲ್ಲಿ ಫಿರೋಜ್ ಶಾಹ್ ಮಜಾರ್ ಇದೆ. ಅಲ್ಲಿ ಒಬ್ಬ ಗಣಿತದ ಮೇಷ್ಟ್ರು ಮಲಗಿದ್ದಾರೆ ಅಂತ ಮಕ್ಕಳಿಗೆ ಹೇಳುವವರು ಕಡಿಮೆ.

ಇನ್ನು ಭಾಷೆಯ ವಿಷಯ. ಈ ವಿದ್ಯೆ ಯಾರೊಬ್ಬರ ಆಸ್ತಿಯೂ ಅಲ್ಲ. ಆರ್ಯಭಟ 499ರಲ್ಲಿ 24 ಜ್ಯಾ ವ್ಯತ್ಯಾಸಗಳನ್ನು ಒಂದೇ ಶ್ಲೋಕದಲ್ಲಿ ಅಕ್ಷರಗಳ ಮೂಲಕ ಕಟ್ಟಿಟ್ಟರು. ಜ್ಯಾ ಅಂದರೆ ಬಿಲ್ಲಿನ ಹಗ್ಗ, ಅದಕ್ಕೇ ‘ಜೀವಾ’ ಅಂತಲೂ ಹೆಸರು. ಅರಬ್ಬರ ಕೈಗೆ ಹೋಗಿ ಅದು ‘ಜೀಬಾ’ ಆಯಿತು. ಅರಬಿಯಲ್ಲಿ ಸ್ವರ ಬರೆಯದೆ ಬಿಡುವುದರಿಂದ ಮುಂದೆ ಅದನ್ನು ‘ಜೈಬ್’ ಅಂತ ಓದಿದರು. ಜೈಬ್ ಅಂದರೆ ಬಟ್ಟೆಯ ಮಡಿಕೆ, ಎದೆಯ ಭಾಗ. ಲ್ಯಾಟಿನ್‌ಗೆ ಅನುವಾದ ಮಾಡಿದವರು ಅದೇ ಅರ್ಥದ ‘ಸೈನಸ್’ ಹಾಕಿದರು, ಅದೇ ಇಂದಿನ ಸೈನ್. ಉರ್ದುವಿನ ಜೇಬ್, ಕನ್ನಡದ ಜೇಬು ಎರಡೂ ಆ ಜೈಬ್‌ನಿಂದ ಬಂದವೇ. ಪಾಠ ನನ್ನದಲ್ಲ ಅನ್ನುವ ಹುಡುಗ ಆ ಪದವನ್ನು ದಿನಾ ಅಂಗಿಯಲ್ಲಿ ಹಾಕಿಕೊಂಡು ಬರ್ತಾನೆ!

ಹೈದರಾಬಾದ್‌ನಲ್ಲಿ 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಹುಟ್ಟಿದಾಗ ಉನ್ನತ ಗಣಿತವನ್ನು ಉರ್ದುವಿನಲ್ಲಿ ಕಲಿಸುವ ದೊಡ್ಡ ಸಾಹಸ ನಡೆಯಿತು. ಪಠ್ಯಗಳನ್ನು ತರ್ಜುಮೆ ಮಾಡೋಕೆ ದಾರುಲ್ ತರ್ಜುಮಾ ಎಂಬ ಸಂಸ್ಥೆಯೇ ಇತ್ತು. ತ್ರಿಕೋನಮಿತಿ ಅಲ್ಲಿ ‘ಇಲ್ಮ್-ಎ-ಮುಸಲ್ಲಸ್’. ಭಾರತೀಯ ಭಾಷೆಯೊಂದರಲ್ಲಿ ವಿಜ್ಞಾನ ಕಲಿಯಬಹುದು ಅಂತ ಅದು ತೋರಿಸಿತು, ಅದು ನಮ್ಮ ಹೆಮ್ಮೆ. ಆದರೆ ಪ್ರಾಮಾಣಿಕವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ನಿಜಾಮ್ ಸಂಸ್ಥಾನದ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡ ಮನೆಮಾತಿನ ಮಕ್ಕಳಿಗೆ ಉರ್ದು ಕೂಡ ಕಲಿತು ಬರಬೇಕಾದ ಭಾಷೆಯೇ ಆಗಿತ್ತು. 1948ರ ನಂತರ ಉರ್ದು ಹೋಗಿ ಇಂಗ್ಲಿಷ್ ಬಂತು, ಆಗ ಉರ್ದು ಮಕ್ಕಳಿಗೂ ಅದೇ ಕಷ್ಟ. ಮಾತು ಬರದ ಕಡೆ ಮನುಷ್ಯ ತಲೆ ಆಡಿಸ್ತಾನೆ. ‘ಇಲ್ಲಿ ಎರಡನೇ ಸಾಲು ಹೇಗೆ ಬಂತು?’ ಅಂತ ಕೇಳೋಕೆ ಭಾಷೆ ಬೇಕು. ‘ಯೆಸ್ ಮೇಡಂ’ ಅನ್ನೋಕೆ ಏನೂ ಬೇಡ.

ಈಗ ಮತ್ತೆ ನನ್ನ ತರಗತಿಯ ಪಟ್ಟಿಗೆ ಬರ್ತೀನಿ. ಹಾಜರಾತಿಯ ನಿಯಮ ಹಾಗೇ ಇದೆ, ಅದು ನನ್ನ ಕೈಯಲ್ಲಿಲ್ಲ. ಸೂತ್ರ ಬಾಯಿಪಾಠ ಬೇಡ ಅಂತಲೂ ನಾನು ಹೇಳಲ್ಲ. ಆರ್ಯಭಟನ ಶ್ಲೋಕವೂ ನೆನಪಿಗಾಗಿಯೇ ಇದ್ದದ್ದು. ಆದರೆ ಮೊದಲ ಸಾಲು ಬದಲಾಗಿದೆ: ಅರ್ಥ ಆಗದೆ ‘ಹೂಂ’ ಅನ್ನಬಾರದು. ಅರ್ಥ ಆಗಲಿಲ್ಲ ಅನ್ನುವುದನ್ನು ಕನ್ನಡದಲ್ಲಾದರೂ ಹೇಳಿ, ಉರ್ದುವಿನಲ್ಲಾದರೂ ಹೇಳಿ, ತೆಲುಗಿನಲ್ಲಾದರೂ ಹೇಳಿ. “ಅರ್ಥ ಆಯ್ತಾ?” ಅಂತ ಕೇಳೋದನ್ನು ನಾನೂ ಬಿಟ್ಟಿದ್ದೀನಿ. “ಎಲ್ಲಿ ತಪ್ಪಿತು ಹೇಳಿ” ಅಂತೀನಿ. ಕೆಲವು ದಿನ ಬೇಕಂತಲೇ ಬೋರ್ಡ್ ಮೇಲೆ ಒಂದು ಚಿಹ್ನೆ ತಪ್ಪು ಬರೀತೀನಿ.

ಮೊದಲ ಸಲ ಇಡೀ ತರಗತಿ ಆ ತಪ್ಪನ್ನು ನೋಟ್ಸ್‌ನಲ್ಲಿ ಇಳಿಸಿಕೊಂಡಿತ್ತು. ಮೂರನೇ ವಾರ ಕೊನೆ ಬೆಂಚಿನ ಒಬ್ಬ ಹುಡುಗಿ ಎದ್ದು, “ಮೇಡಂ, ಅಲ್ಲಿ ಮೈನಸ್ ಬರಬೇಕಲ್ವಾ?” ಅಂದಳು. ಹೇಳುವಾಗ ಅವಳ ದನಿ ನಡುಗುತ್ತಿತ್ತು. ಹೌದು, ಮೈನಸ್ಸೇ ಬರಬೇಕಿತ್ತು.

ಉಲುಗ್ ಬೇಗ್ ಅವರನ್ನು 1449ರಲ್ಲಿ ಸ್ವಂತ ಮಗನ ಅಪ್ಪಣೆಯಂತೆ ಕೊಂದರು. ಅವರ ವೀಕ್ಷಣಾಲಯ ಮಣ್ಣುಪಾಲಾಗಿ 1908ರಲ್ಲಿ ಮತ್ತೆ ಪತ್ತೆಯಾಯಿತು. ಆದರೆ ಅವರ ಕೋಷ್ಟಕಗಳು ಉಳಿದವು. ದಿಲ್ಲಿಯಲ್ಲಿ ಜಂತರ್ ಮಂತರ್ ಕಟ್ಟಿಸಿದ ಸವಾಯಿ ಜೈಸಿಂಗ್ ಕೂಡ ಅವುಗಳನ್ನು ಬಳಸಿದರು. ಕಾಶಿ ತನ್ನ ಅಬ್ಬಾಗೆ ಬರೆದ ಪತ್ರವೂ ಉಳಿದಿದೆ. ಆ ತರಗತಿಯ ನಿಯಮವನ್ನು ನಮ್ಮ ಮಕ್ಕಳಿಗೆ ದಾಟಿಸುವ ಕೆಲಸ ಮಾತ್ರ ನಮ್ಮದು. ಮನೆಗಳಲ್ಲೂ ಅದನ್ನೇ ಶುರು ಮಾಡೋಣ. ಪ್ರಶ್ನೆ ಕೇಳಿದ ಮಗುವಿಗೆ “ದೊಡ್ಡವರ ಎದುರು ಮಾತಾಡ್ತೀಯಾ?” ಅನ್ನುವ ಮುಂಚೆ, ತನ್ನ ತಪ್ಪು ತೋರಿಸಿ ಅಂತ ಕಾಯುತ್ತಾ ತರಗತಿಯಲ್ಲಿ ಕೂತಿದ್ದ ಆ ಬಾದಶಾಹನನ್ನು ಒಂದು ಸಲ ನೆನೆಯೋಣ.