ಕಲ್ಲು ಎಳೆದೋರು ಯಾರು?

ಕೃಷ್ಣೆ, ತುಂಗಭದ್ರೆಯ ನಡುವಿನ ನಮ್ಮ ಎಡೆದೊರೆ ನಾಡು ಅರಸರಿಗೆಲ್ಲ ಗಡಿ. ಗಡಿ ಅಂದಮೇಲೆ ದಂಡು, ದಂಡು ಅಂದಮೇಲೆ ಕೋಟೆ. ರಾಯಚೂರು, ಮುದಗಲ್ಲು, ಮಾನ್ವಿ, ದೇವದುರ್ಗ, ಎಲ್ಲಿ ನೋಡಿದರೂ ಕೋಟೆ. ಇಷ್ಟು ಕಲ್ಲು ಹೊತ್ತೋರು ಯಾರು?

ರಾಯಚೂರು ಕೋಟೆಯ ಒಳಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ 1294ರ ತೆಲುಗು ಶಾಸನದ ಪ್ರಕಾರ, ಕಾಕತೀಯರ ಕಡೆಯ ಗೋನ ಗನ್ನಯ್ಯ ರೆಡ್ಡಿಯ ಸೇನಾನಿ ವಿಠಲನಾಥ ಆದವಾನಿ, ಮಾನುವೆ (ನಮ್ಮ ಮಾನ್ವಿಯೇ) ಮುಂತಾದ ಕೋಟೆ ಗೆದ್ದು, ರಾಯಚೂರಿಗೆ ಬಂದು ಇದನ್ನು ಕಟ್ಟಿದ. ಕಟ್ಟಿದನಂತೆ! ಅಲ್ಲೇ ಗೋಡೆಯ ಮೇಲೆ ಕೊರೆದ ಚಿತ್ರ ಬೇರೆಯೇ ಹೇಳುತ್ತದೆ. ಬಂಡಿಯ ಮೇಲೆ ಅದೇ ಬಂಡೆ, ಮುಂದೆ ಸಾಲು ಸಾಲು ಕೋಣ, ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಜನ. ಕೊರೆದ ಕೈಗೆ ನಿಜ ಗೊತ್ತಿತ್ತು. ಮೇಷ್ಟ್ರುಗಳು ಮಕ್ಕಳನ್ನು ಮೊದಲು ಈ ಚಿತ್ರದ ಮುಂದೆ ನಿಲ್ಲಿಸಲಿ. ಬ್ರಿಟನ್ನಿನ ಗಡಿಯಲ್ಲಿ ಹ್ಯಾಡ್ರಿಯನ್ ಗೋಡೆ ಕಟ್ಟಿದ ರೋಮನ್ ಸಿಪಾಯಿಗಳು ಯಾವ ಭಾಗ ಯಾವ ತುಕಡಿಯದು ಅಂತ ಕಲ್ಲಿನಲ್ಲಿ ಕೆತ್ತಿಟ್ಟರು. ನಮ್ಮೋರಿಗೆ ಅಷ್ಟೂ ದಕ್ಕಲಿಲ್ಲ.

1520ರಲ್ಲಿ ಕೃಷ್ಣದೇವರಾಯನ ದಂಡು ಈ ಕೋಟೆಗೆ ಮುತ್ತಿಗೆ ಹಾಕಿತು. ಆ ದಂಡಿನಲ್ಲಿ ಅಗಸರಿದ್ದರು, ತೊಗಲ ಚೀಲದಲ್ಲಿ ನೀರು ಹೊರೋರು ಸಾವಿರಾರು ಮಂದಿ ಇದ್ದರು ಅಂತ ಪೋರ್ಚುಗೀಸ ನೂನಿಜ್ ಬರೆದಿದ್ದಾನೆ. ಆ ತೊಗಲು ಹದ ಮಾಡಿದೋರು ಯಾರು ಅಂತ ನಾವು ಬಿಡಿಸಿ ಹೇಳಬೇಕಿಲ್ಲ. ಕಟ್ಟುವಾಗಿನ ಕೂಲಿ ಶಾಸನದಲ್ಲಿಲ್ಲ. ಕೆಡಹುವಾಗಿನ ಕೂಲಿ ನೂನಿಜ್‌ನಲ್ಲಿದೆ. ಮೇಲಿಂದ ಗುಂಡು, ಬಾಣ ಬೀಳುತ್ತಿರುವಾಗ ಗುದ್ದಲಿ, ಹಾರೆ ಹಿಡಿದು ಗೋಡೆಯ ಬುಡಕ್ಕೆ ಹೋಗಿ ಕಿತ್ತು ತಂದ ಕಲ್ಲನ್ನು ನಾಯಕರು ಕೊಳ್ಳುತ್ತಿದ್ದರು: ಗಾತ್ರ ನೋಡಿ 10 ಪಣ, 20 ಪಣ, ಹೆಚ್ಚೆಂದರೆ 50.