ಹಿಮಖಂಡದ ಎರಡು ಸಾಕ್ಷ್ಯಗಳು

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮ ಮೇಷ್ಟರೊಬ್ಬರು ಕ್ಯಾಪ್ಟನ್ ಸ್ಕಾಟನ ಕೊನೆಯ ಯಾತ್ರೆಯ ಕಥೆಯನ್ನು ಬಹಳ ಚೆನ್ನಾಗಿ ಹೇಳಿದರು. ದಕ್ಷಿಣ ಧ್ರುವದಿಂದ ಹಿಂದಿರುಗುತ್ತಿದ್ದ ಐವರು ಹಸಿವಿನಿಂದಲೂ ಚಳಿಯಿಂದಲೂ ಒಬ್ಬೊಬ್ಬರಾಗಿ ಕೊನೆಯುಸಿರೆಳೆದರು. ಎಂಟು ತಿಂಗಳ ಮೇಲೆ ಅವರ ಡೇರೆ ಸಿಕ್ಕಾಗ ಜಾರುಬಂಡಿಯ ಮೇಲೆ ಹದಿನಾರು ಕಿಲೊ ತೂಕದ ಕಲ್ಲುಗಳಿದ್ದವು ಎಂದು ಹೇಳಿ ಅವರು ಮಾತು ನಿಲ್ಲಿಸಿದರು. ಆಗ ಹಿಂದಿನ ಬೆಂಚಿನಿಂದ ನನ್ನ ಸಹಪಾಠಿಯೊಬ್ಬ ಎದ್ದು ನಿಂತು, "ಸಾಯೋರು ಕಲ್ಲನ್ನ ಯಾಕೆ ಹೊತ್ಕೊಂಡು ಬಂದ್ರು ಸಾರ್?" ಎಂದು ಕೇಳಿದ. ಮೇಷ್ಟರು ಕ್ಷಣಕಾಲ ಸುಮ್ಮನಿದ್ದು, "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದರು. ತರಗತಿಯೆಲ್ಲ ನಕ್ಕಿತು. ಆ ಪ್ರಶ್ನೆ ಮಾತ್ರ ಐವತ್ತು ವರ್ಷಗಳಿಂದ ನನ್ನ ಬೆನ್ನು ಬಿಟ್ಟಿಲ್ಲ. ಅದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಆ ನಾಡಿನ ಸ್ವರೂಪವನ್ನೂ ಅಲ್ಲಿನ ಹವೆಯನ್ನೂ ಕೊಂಚ ಅರಿಯಬೇಕಾಗುತ್ತದೆ.

ಅಂಟಾರ್ಕ್ಟಿಕವನ್ನು ಮನುಷ್ಯ ಕಣ್ಣಿನಿಂದ ಕಾಣುವುದಕ್ಕೆ ಮುನ್ನ ಕಲ್ಪನೆಯಲ್ಲಿ ಕಂಡಿದ್ದ. ಉತ್ತರದಲ್ಲಿ ಇಷ್ಟು ನೆಲವಿರುವಾಗ ಅದಕ್ಕೆ ಸಮತೂಕವಾಗಿ ದಕ್ಷಿಣದಲ್ಲಿಯೂ ಒಂದು ಮಹಾಭೂಮಿ ಇದ್ದೇ ಇರಬೇಕೆಂದು ಯೂರೋಪಿನ ಭೂಗೋಳಜ್ಞರು ಶತಮಾನಗಳ ಕಾಲ ನಂಬಿದ್ದರು. ಆ ನಾಡಿನಲ್ಲಿ ಸಮೃದ್ಧಿಯೂ ಜನವಸತಿಯೂ ಇರುವುದೆಂದು ಊಹಿಸಿದವರುಂಟು. ಈ ಕನಸಿಗೆ ಮೊದಲ ಪೆಟ್ಟು ಕೊಟ್ಟವನು ಜೇಮ್ಸ್ ಕುಕ್. ಅವನು ೧೭೭೩ರ ಜನವರಿಯಲ್ಲಿ ದಕ್ಷಿಣ ಮೇರುವೃತ್ತವನ್ನು ದಾಟಿದ. ಮರುವರ್ಷ ೭೧ ಡಿಗ್ರಿ ಅಕ್ಷಾಂಶದವರೆಗೂ ಹೋಗಿ, ಮಂಜುಗಡ್ಡೆಯ ಗೋಡೆಯೆದುರು ಹಡಗನ್ನು ತಿರುಗಿಸಿದ. ನೆಲವನ್ನು ಅವನು ಕಾಣಲಿಲ್ಲ. ೧೮೨೦ರ ಜನವರಿಯಲ್ಲಿ, ಮೂರು ದಿನಗಳ ಅಂತರದಲ್ಲಿ, ರಷ್ಯದ ಬೆಲಿಂಗ್ಸ್‌ಹೌಸೆನ್ ಮತ್ತು ಇಂಗ್ಲೆಂಡಿನ ಬ್ರಾನ್ಸ್‌ಫೀಲ್ಡ್ ಈ ಖಂಡದ ಅಂಚನ್ನು ಬೇರೆಬೇರೆ ಕಡೆಗಳಿಂದ ಕಂಡರು. ೧೮೪೧ರಲ್ಲಿ ಜೇಮ್ಸ್ ರಾಸ್ ಹಿಮದ ನಡುವೆ ಹೊಗೆಯುಗುಳುತ್ತಿದ್ದ ಎರೆಬಸ್ ಜ್ವಾಲಾಮುಖಿಯನ್ನೂ ಅದರ ಬಳಿಯಿಂದ ಮೂಡಣಕ್ಕೆ ಹಬ್ಬಿದ್ದ ಹಿಮದ ಕಡಿದಾದ ಗೋಡೆಯನ್ನೂ ಕಂಡು ಬೆರಗಾದ. ಆ ಗೋಡೆಯ ಹಿಂದೆ ಇದ್ದುದು ಫ್ರಾನ್ಸ್ ದೇಶದಷ್ಟು ವಿಸ್ತಾರವಾದ, ಕಡಲ ಮೇಲೆ ತೇಲುವ ಹಿಮದ ಹಾಸು. ಅಂದಿನವರು ಅದನ್ನು 'ಬ್ಯಾರಿಯರ್' ಎಂದು, ಅಂದರೆ ತಡೆಗೋಡೆ ಎಂದು ಕರೆದರು. ನಮ್ಮ ಕಥೆಯ ದುರಂತ ನಡೆದುದು ಈ ಹಾಸಿನ ಮೇಲೆಯೇ.

ಇಡೀ ಖಂಡದ ವಿಸ್ತಾರ ಸುಮಾರು ೧.೪ ಕೋಟಿ ಚದರ ಕಿಲೊಮೀಟರ್; ಎಂದರೆ ನಮ್ಮ ಭಾರತದ ನಾಲ್ಕು ಪಟ್ಟಿಗೂ ಹೆಚ್ಚು. ಅದರಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗ ಹಿಮದಿಂದ ಮುಚ್ಚಿದೆ. ಈ ಹೊದಿಕೆಯ ಸರಾಸರಿ ದಪ್ಪ ಸುಮಾರು ಎರಡು ಕಿಲೊಮೀಟರ್; ಕೆಲವೆಡೆ ೪೭೦೦ ಮೀಟರನ್ನೂ ಮೀರುತ್ತದೆ. ಸುಮಾರು ೩೫೦೦ ಕಿಲೊಮೀಟರ್ ಉದ್ದದ ಪರ್ವತಶ್ರೇಣಿಯೊಂದು ಖಂಡವನ್ನು ಪೂರ್ವ ಪಶ್ಚಿಮಗಳೆಂದು ಇಬ್ಭಾಗ ಮಾಡುತ್ತದೆ. ಚಳಿಗಾಲದಲ್ಲಿ ಸುತ್ತಲಿನ ಕಡಲೂ ಹೆಪ್ಪುಗಟ್ಟುವುದರಿಂದ ಖಂಡವೇ ಇಮ್ಮಡಿಯಾಗಿ ಬೆಳೆದಂತೆ ತೋರುತ್ತದೆ.

ಇಷ್ಟು ನೀರು ಹೆಪ್ಪುಗಟ್ಟಿ ನಿಂತಿರುವ ಈ ನಾಡು ವಾಸ್ತವವಾಗಿ ಒಂದು ಮರುಭೂಮಿ ಎಂದರೆ ಕೇಳುವವರಿಗೆ ಆಶ್ಚರ್ಯವಾದೀತು. ಒಳನಾಡಿನ ಎತ್ತರದ ಪ್ರದೇಶದಲ್ಲಿ ವರ್ಷಕ್ಕೆ ಬೀಳುವ ಹಿಮವನ್ನು ಕರಗಿಸಿ ಅಳೆದರೆ ನೀರು ಐದು ಸೆಂಟಿಮೀಟರಿನಷ್ಟೂ ಆಗದ ಜಾಗಗಳಿವೆ. ಬಿದ್ದ ಅಷ್ಟು ಹಿಮವೂ ಕರಗದೆ ಲಕ್ಷಾಂತರ ವರ್ಷ ಪದರಪದರವಾಗಿ ಕೂಡಿದ್ದರ ಫಲವೇ ಈ ಮಹಾರಾಶಿ. ನಡುಬೇಸಿಗೆಯಲ್ಲಿ ಧ್ರುವದ ಸೂರ್ಯ ಮುಳುಗುವುದೇ ಇಲ್ಲ; ಆದರೂ ಬಿಳಿಯ ನೆಲ ಬಂದ ಬೆಳಕಿನ ಬಹುಪಾಲನ್ನು ಬಂದಂತೆಯೇ ಹಿಂದಕ್ಕೆ ಕಳುಹಿಸಿಬಿಡುತ್ತದೆ. ಧ್ರುವಬಿಂದು ಸಮುದ್ರಮಟ್ಟದಿಂದ ಸುಮಾರು ೨೮೦೦ ಮೀಟರ್ ಎತ್ತರದಲ್ಲಿದೆ. ಎತ್ತರವೂ ಚಳಿಗೆ ಚಳಿಯನ್ನು ಸೇರಿಸುತ್ತದೆ. ೧೯೮೩ರ ಜುಲೈ ೨೧ರಂದು ಒಳನಾಡಿನ ವೊಸ್ತೊಕ್ ಠಾಣೆಯಲ್ಲಿ ಸೊನ್ನೆಗಿಂತ ೮೯.೨ ಡಿಗ್ರಿ ಸೆಲ್ಸಿಯಸ್ ಕೆಳಗಿನ ಉಷ್ಣತೆ ದಾಖಲಾಯಿತು. ನೆಲಮಟ್ಟದಲ್ಲಿ ಉಷ್ಣಮಾಪಕವಿಟ್ಟು ಅಳೆದ ಚಳಿಗಳಲ್ಲಿ ಇದಕ್ಕಿಂತ ಹೆಚ್ಚಿನದು ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ. ಹೀಗೆ ತಣಿದು ಭಾರವಾದ ಗಾಳಿ ಪ್ರಸ್ಥಭೂಮಿಯಿಂದ ಕರಾವಳಿಯತ್ತ ಇಳಿಜಾರಿನ ಹೊಳೆಯಂತೆ ಧುಮುಕುತ್ತದೆ. ೧೯೧೨-೧೩ರಲ್ಲಿ ಡಗ್ಲಸ್ ಮಾಸನ್ ಬೀಡುಬಿಟ್ಟಿದ್ದ ಕರಾವಳಿಯಲ್ಲಿ ಇಡೀ ವರ್ಷದ ಸರಾಸರಿ ಗಾಳಿಯೇ ಗಂಟೆಗೆ ಸುಮಾರು ಎಪ್ಪತ್ತು ಕಿಲೊಮೀಟರ್ ವೇಗದ್ದಾಗಿತ್ತು.

ಇನ್ನು ಸ್ಕಾಟನ ಯಾತ್ರೆಗೆ ಬರೋಣ. ೧೯೧೦ರಲ್ಲಿ ಹೊರಟ ಈ ತಂಡಕ್ಕೆ ನಮ್ಮ ದೇಶದೊಡನೆ ಇದ್ದ ನಂಟನ್ನು ಅನೇಕರು ಅರಿಯರು. ತಂಡದ ಹವಾಮಾನತಜ್ಞ ಜಾರ್ಜ್ ಸಿಂಪ್ಸನ್ ಸಿಮ್ಲಾದಲ್ಲಿ ಭಾರತೀಯ ಹವಾಮಾನ ಇಲಾಖೆಯ ಉದ್ಯೋಗಿಯಾಗಿದ್ದವನು. ಮಳೆಗಾಲದ ಗುಡುಗುಮೋಡಗಳ ವಿದ್ಯುತ್ತನ್ನು ಅಲ್ಲಿಯೇ ಅಳೆದಿದ್ದವನು. ಧ್ರುವದವರೆಗೂ ನಡೆದ ಐವರಲ್ಲಿ ಒಬ್ಬನಾದ ಹೆನ್ರಿ ಬವರ್ಸ್, ರಾಯಲ್ ಇಂಡಿಯನ್ ಮರೀನ್ ಎಂಬ ಅಂದಿನ ನಮ್ಮ ನೌಕಾದಳದ ಅಧಿಕಾರಿ. ದಾರಿಯುದ್ದಕ್ಕೂ ಹವೆಯ ದಾಖಲೆಯನ್ನು ಇಡುವ ಹೊಣೆ ಇವನದು. ದಿನವಿಡೀ ಬಂಡಿಯೆಳೆದು ಬೆರಳುಗಳು ಮರಗಟ್ಟಿದ್ದ ಹೊತ್ತಿನಲ್ಲಿ ಉಷ್ಣಮಾಪಕವನ್ನು ನೋಡಿ, ಸೀಸದಕಡ್ಡಿ ಹಿಡಿದು ಅಂಕಿಗಳನ್ನು ಬರೆದಿಡುವುದೆಂದರೆ ಸಾಮಾನ್ಯ ಕೆಲಸವಲ್ಲ.

೧೯೧೨ರ ಜನವರಿ ೧೭ರಂದು ಅವರು ಧ್ರುವವನ್ನು ಮುಟ್ಟಿದರು. ನಾರ್ವೆಯ ಅಮುಂಡ್ಸೆನ್ ೧೯೧೧ರ ಡಿಸೆಂಬರ್ ೧೪ರಂದೇ ಅಲ್ಲಿ ಬಾವುಟ ನೆಟ್ಟು ಹೋಗಿದ್ದ. ನಾಯಿಗಳು ಎಳೆಯುವ ಬಂಡಿಗಳಲ್ಲಿ ವೇಗವಾಗಿ ಸಾಗಿದ ಅವನು ಜನವರಿ ೨೫ರಂದು ತನ್ನ ಬೀಡನ್ನು ಸೇರಿಕೊಂಡ. ಸ್ಕಾಟನ ತಂಡ ಬಂಡಿಯನ್ನು ತಾವೇ ಎಳೆಯುತ್ತ ಬರಬೇಕಾಗಿತ್ತು. ಫೆಬ್ರವರಿ ೮ರಂದು ಬಿಯರ್ಡ್‌ಮೋರ್ ಹಿಮನದಿಯ ತಲೆಯಲ್ಲಿ, ಬಕ್ಲಿ ಬೆಟ್ಟದ ಕೆಳಗೆ, ವೈದ್ಯನೂ ಪ್ರಕೃತಿವಿಜ್ಞಾನಿಯೂ ಆಗಿದ್ದ ಎಡ್ವರ್ಡ್ ವಿಲ್ಸನ್ನನ ಕಣ್ಣಿಗೆ ಎಲೆಯ ಅಚ್ಚು ಮೂಡಿದ್ದ ಕಲ್ಲಿದ್ದಲಿನ ತುಣುಕುಗಳು ಬಿದ್ದವು. ಅವರು ಅಲ್ಲಿ ನಿಂತು ಕಲ್ಲುಗಳನ್ನು ಆಯ್ದುಕೊಂಡರು. ಫೆಬ್ರವರಿ ೧೭ರಂದು ಎಡ್ಗರ್ ಇವಾನ್ಸ್ ತೀರಿಕೊಂಡ. ಕಾಲು ಹಿಮಕ್ಕೆ ಬಲಿಯಾಗಿದ್ದ ಓಟ್ಸ್ ಮಾರ್ಚ್ ಮಧ್ಯದಲ್ಲಿ, ತನ್ನಿಂದ ಉಳಿದವರಿಗೆ ಭಾರವಾಗಬಾರದೆಂದು, ಡೇರೆಯಿಂದ ಬಿರುಗಾಳಿಗೆ ಹೊರನಡೆದು ಮರೆಯಾದ. ಉಳಿದ ಮೂವರು ಆಹಾರ ಕೂಡಿಟ್ಟಿದ್ದ ಠಾಣೆಗೆ ಇನ್ನು ಇಪ್ಪತ್ತು ಕಿಲೊಮೀಟರ್ ಇದೆಯೆನ್ನುವಾಗ ಡೇರೆಯೊಳಗೆ ಸಿಕ್ಕಿಕೊಂಡರು. ಸ್ಕಾಟನ ದಿನಚರಿಯ ಕೊನೆಯ ತಾರೀಖು ಮಾರ್ಚ್ ೨೯.

ಇತಿಹಾಸದ ತೀರ್ಪು ಇವರ ವಿಷಯದಲ್ಲಿ ಎರಡು ಬಾರಿ ಬದಲಾಗಿದೆ. ಮೊದಲು ಸ್ಕಾಟ್ ಸಾಮ್ರಾಜ್ಯದ ವೀರನೆನಿಸಿದ. ೧೯೭೯ರಲ್ಲಿ ರೋಲಂಡ್ ಹಂಟ್‌ಫರ್ಡ್ ಬರೆದ ಪುಸ್ತಕದ ಅನಂತರ, ಅವಿವೇಕದಿಂದ ಜೊತೆಯವರನ್ನು ಬಲಿಕೊಟ್ಟ ನಾಯಕನೆನಿಸಿದ. ಈ ಎರಡನೆಯ ಮಾತಿಗೆ ಆಧಾರವಿಲ್ಲದಿಲ್ಲ. ನಾಲ್ವರಿಗೆಂದು ಅಣಿಗೊಳಿಸಿದ ವ್ಯವಸ್ಥೆಯಲ್ಲಿ ಕೊನೆಗಳಿಗೆಯಲ್ಲಿ ಐದನೆಯವನನ್ನು ಸೇರಿಸಿಕೊಂಡದ್ದು, ೮೦ ಡಿಗ್ರಿ ಅಕ್ಷಾಂಶದಲ್ಲಿ ಇಡಬೇಕಾಗಿದ್ದ ಆಹಾರದ ಠಾಣೆಯನ್ನು ಐವತ್ತು ಕಿಲೊಮೀಟರಿಗೂ ಹೆಚ್ಚು ದೂರ ಹಿಂದೆಯೇ ಇಟ್ಟದ್ದು ತಪ್ಪುಗಳೇ. ಠಾಣೆ ಗೊತ್ತಾದ ಜಾಗದಲ್ಲಿದ್ದಿದ್ದರೆ ಅವರು ಅದನ್ನು ದಾಟಿ ಬಂದಿರುತ್ತಿದ್ದರು. ಡಬ್ಬಿಗಳ ಮುಚ್ಚಳದ ತೊಗಲು ಸವೆದು ಸೀಮೆಎಣ್ಣೆ ಆವಿಯಾಗಿ ಹೋಗಿತ್ತು; ಎಣ್ಣೆಯಿಲ್ಲದೆ ಹಿಮವನ್ನು ಕರಗಿಸಿ ನೀರು ಮಾಡಿಕೊಳ್ಳುವುದೂ ಕಷ್ಟವಾಯಿತು.

ಆದರೆ ಈ ವಿಚಾರಣೆಯಲ್ಲಿ ಒಬ್ಬ ಸಾಕ್ಷಿಯನ್ನು ಬಹುಕಾಲ ಯಾರೂ ಸರಿಯಾಗಿ ಕೇಳಿರಲಿಲ್ಲ. ಆ ಸಾಕ್ಷಿ, ಚಳಿ. ಬ್ಯಾರಿಯರಿನ ಮೇಲೆ ಮಾರ್ಚ್ ತಿಂಗಳಲ್ಲಿ ಹಗಲು ಸೊನ್ನೆಗಿಂತ ೩೪, ಇರುಳು ೪೪ ಡಿಗ್ರಿ ಸೆಲ್ಸಿಯಸ್‌ಗಳಷ್ಟು ಕೆಳಗಿನ ಉಷ್ಣತೆಯನ್ನು ತಾವು ಎದುರಿಸಿದೆವೆಂದೂ ಇದನ್ನು ಯಾರೂ ನಿರೀಕ್ಷಿಸಿರಲಿಲ್ಲವೆಂದೂ ಸ್ಕಾಟ್ ತನ್ನ ಕೊನೆಯ ಹೇಳಿಕೆಯಲ್ಲಿ ತಿಳಿಸಿದ್ದ. ಸೋತವನ ಸಬೂಬು ಎಂದು ಇದನ್ನು ತಳ್ಳಿಹಾಕಿದವರಿದ್ದರು. ಸಿಂಪ್ಸನ್ ಹಾಗೆ ಮಾಡಲಿಲ್ಲ. ಸಿಮ್ಲಾಕ್ಕೆ ಹಿಂದಿರುಗಿ ಅವನು ಸಿದ್ಧಪಡಿಸಿದ ಅಂಟಾರ್ಕ್ಟಿಕದ ಹವಾಮಾನದ ಮಹಾಗ್ರಂಥ ೧೯೧೯ರಲ್ಲಿ ಅಚ್ಚಾಗಿ ಹೊರಬಂದುದು ಲಂಡನ್ನಿನಿಂದಲ್ಲ, ನಮ್ಮ ಕಲಕತ್ತೆಯಿಂದ. ಬವರ್ಸನ ಅಂಕಿಗಳನ್ನು ತೂಗಿನೋಡಿ, ಆ ಮಾರ್ಚಿನ ಚಳಿ ಅಸಾಮಾನ್ಯವಾದುದೆಂದು ಅವನು ತೀರ್ಮಾನಿಸಿದ. ಆದರೆ ಹೋಲಿಸಿ ನೋಡಲು ಅಂದು ಅವನ ಬಳಿ ಇದ್ದ ದಾಖಲೆಗಳು ಕೆಲವೇ ವರ್ಷಗಳವು.

೧೯೮೦ರ ದಶಕದ ನಡುವಿನಿಂದ ಅದೇ ದಾರಿಯಲ್ಲಿ ಮನುಷ್ಯರಿಲ್ಲದ ಸ್ವಯಂಚಾಲಿತ ಹವಾಯಂತ್ರಗಳು ನಿಂತು ವರ್ಷವಿಡೀ ಉಷ್ಣತೆಯನ್ನು ಅಳೆಯತೊಡಗಿದವು. ಅಮೆರಿಕದ ವಿಜ್ಞಾನಿ ಸೂಸನ್ ಸಾಲೊಮನ್ ಅವರು ಅವುಗಳ ಅಂಕಿಗಳನ್ನು ಬವರ್ಸನ ದಾಖಲೆಯ ಪಕ್ಕದಲ್ಲಿಟ್ಟು ಹೋಲಿಸಿ, ತಮ್ಮ ನಿರ್ಣಯವನ್ನು ೨೦೦೧ರಲ್ಲಿ ಪುಸ್ತಕರೂಪದಲ್ಲಿ ಪ್ರಕಟಿಸಿದರು. ಸ್ಕಾಟನ ತಂಡ ಕಂಡ ಚಳಿ ಅಲ್ಲಿನ ಸಾಮಾನ್ಯ ಮಾರ್ಚಿಗಿಂತ ಆರರಿಂದ ಹನ್ನೊಂದು ಡಿಗ್ರಿಯಷ್ಟು ಹೆಚ್ಚಿನದಾಗಿತ್ತು. ಹದಿನೈದು ವರ್ಷಗಳ ಆಧುನಿಕ ದಾಖಲೆಯಲ್ಲಿ ಅಂಥ ಮಾರ್ಚ್ ಬಂದುದು ಒಂದೇ ಒಂದು ಬಾರಿ. ಗಾಳಿ ಬೀಸುವಾಗ ಮೇಲಿನ ಬೆಚ್ಚನೆಯ ಪದರ ಕೆಳಗಿನದರೊಡನೆ ಬೆರೆಯುತ್ತದೆ. ಗಾಳಿ ನಿಂತಾಗ ತಿಳಿಯಾದ ಆಕಾಶಕ್ಕೆ ನೆಲ ತನ್ನ ಶಾಖವನ್ನೆಲ್ಲ ಬಿಟ್ಟುಕೊಟ್ಟು, ಚಳಿ ತಳದಲ್ಲಿ ಮಡುಗಟ್ಟುತ್ತದೆ. ಬೆನ್ನಹಿಂದಿನಿಂದ ಬೀಸಿ ನೆರವಾಗಬೇಕಾಗಿದ್ದ ಗಾಳಿ ಆ ದಿನಗಳಲ್ಲಿ ಹೆಚ್ಚಾಗಿ ಸ್ತಬ್ಧವಾಗಿತ್ತು. ಇನ್ನೊಂದು ಸೂಕ್ಷ್ಮವಿದೆ. ಜಾರುಬಂಡಿ ಜಾರಬೇಕಾದರೆ ಅದರ ಅಡಿಯ ಹಿಮ ತಿಕ್ಕಾಟದಿಂದ ತುಸು ಕರಗಬೇಕು. ಅಷ್ಟು ಚಳಿಯಲ್ಲಿ ಅದು ಕರಗದು. ಆಗ ಹಿಮವೆಂಬುದು ಮರಳಿಗೆ ಸಮಾನ. ಹಸಿದವರು ಮರಳಿನ ಮೇಲೆ ಬಂಡಿಯೆಳೆದಂತಾಯಿತು. ಕೊನೆಯ ಬಿರುಗಾಳಿ ದಿನಚರಿಯಲ್ಲಿ ಹೇಳಿದಷ್ಟು ದಿನ ನಿಜವಾಗಿ ಬೀಸಿತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಭಿನ್ನಾಭಿಪ್ರಾಯವಿದೆ. ಚಳಿಯ ಮಾತು ಮಾತ್ರ ಸುಳ್ಳಲ್ಲ. ಇದರಿಂದ ಸ್ಕಾಟನ ತಪ್ಪುಗಳು ಅಳಿಸಿಹೋಗವು; ಆದರೆ ಅವನು ಸುಳ್ಳು ಹೇಳಿದನೆಂಬ ಆರೋಪ ಬಿದ್ದುಹೋಗುತ್ತದೆ. ಅದನ್ನು ಕೆಡವಿದ್ದು ಅವನ ಅಭಿಮಾನಿಗಳ ವಾಗ್ಮಿತೆಯಲ್ಲ, ಬವರ್ಸನ ಸೀಸದಕಡ್ಡಿ.

ಎರಡನೆಯ ಸಾಕ್ಷ್ಯ ಆ ಕಲ್ಲುಗಳದು. ೧೯೧೨ರ ನವೆಂಬರ್ ೧೨ರಂದು ಶೋಧತಂಡ ಆ ಡೇರೆಯನ್ನು ಕಂಡಿತು. ಆ ತಂಡದ ಸಾಮಾನು ಹೊತ್ತವು ಭಾರತ ಸರ್ಕಾರ ಕಳುಹಿಸಿಕೊಟ್ಟಿದ್ದ ಹಿಮಾಲಯದ ಏಳು ಹೇಸರಗತ್ತೆಗಳು. ಲಾಲ್ ಖಾನ್, ಗುಲಾಬ್, ಬೇಗಂ, ರಾಣಿ ಮುಂತಾಗಿ ಅವುಗಳ ಹೆಸರು ಕೂಡ ದಾಖಲೆಯಲ್ಲಿ ಉಳಿದಿವೆ. ದಿನಚರಿಗಳ ಜೊತೆಗೆ ಕಲ್ಲುಗಳೂ ಇಂಗ್ಲೆಂಡನ್ನು ತಲುಪಿದವು. ೧೯೧೪ರಲ್ಲಿ ಕೇಂಬ್ರಿಜ್‌ನ ಸಸ್ಯವಿಜ್ಞಾನಿ ಸೀವರ್ಡ್ ಅವುಗಳಲ್ಲಿನ ಪಳೆಯುಳಿಕೆಯನ್ನು ಗುರುತಿಸಿ ಹೆಸರಿಸಿದ: ಗ್ಲಾಸಾಪ್ಟೆರಿಸ್ ಇಂಡಿಕ. ನಾಲಗೆಯಾಕಾರದ ಎಲೆಯ, ಇಪ್ಪತ್ತೈದು ಕೋಟಿ ವರ್ಷಗಳಿಗೂ ಹಿಂದಿನ ಈ ಮರದ ಅಚ್ಚುಗಳು ನಮ್ಮ ದೇಶದ ಕಲ್ಲಿದ್ದಲಿನ ಗಣಿಗಳಲ್ಲಿ ಹೇರಳವಾಗಿವೆ. ಹೆಸರಿನಲ್ಲಿ ಇಂಡಿಯಾ ಸೇರಿಕೊಂಡದ್ದೂ ಅದರಿಂದಲೇ. ದಕ್ಷಿಣ ಅಮೆರಿಕ, ಆಫ್ರಿಕ, ಆಸ್ಟ್ರೇಲಿಯಗಳಲ್ಲಿಯೂ ಅದು ದೊರೆತಿತ್ತು. ಅಂಟಾರ್ಕ್ಟಿಕದಲ್ಲಿ ಕಲ್ಲಿದ್ದಲಿರುವುದನ್ನು ೧೯೦೮ರಲ್ಲಿ ಶಾಕಲ್‌ಟನ್ನನ ತಂಡವೇ ಕಂಡಿತ್ತಾದರೂ, ಅದು ಯಾವ ಕಾಡಿನ ಇದ್ದಲು ಎಂದು ತಿಳಿದುದು ಈ ಕಲ್ಲುಗಳಿಂದ.

ಈ ಭೂಭಾಗಗಳಲ್ಲಿ ಕೆಲವು ಒಮ್ಮೆ ಒಂದೇ ಆಗಿದ್ದವೆಂದು ಆಸ್ಟ್ರಿಯದ ಎಡ್ವರ್ಡ್ ಸ್ಯೂಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಊಹಿಸಿ ಆ ಮಹಾಖಂಡಕ್ಕೆ ಗೊಂಡ್ವಾನ ಎಂದು ಹೆಸರಿಟ್ಟಿದ್ದ. ಆ ಹೆಸರು ಮಧ್ಯಭಾರತದ ಗೊಂಡರ ನಾಡಿನದು. ಜರ್ಮನಿಯ ಆಲ್‌ಫ್ರೆಡ್ ವೆಗೆನರ್, ಖಂಡಗಳು ಬೇರ್ಪಟ್ಟು ಚಲಿಸುತ್ತವೆ ಎಂಬ ತನ್ನ ವಾದವನ್ನು ಮೊದಲು ಮಂಡಿಸಿದ್ದು ೧೯೧೨ರ ಜನವರಿ ೬ರಂದು; ಆ ದಿನ ಸ್ಕಾಟನ ತಂಡ ಧ್ರುವದತ್ತ ಬಂಡಿಯೆಳೆಯುತ್ತಿತ್ತು. ಆ ವಾದವನ್ನು ವಿದ್ವತ್‌ಪ್ರಪಂಚ ಒಪ್ಪಿಕೊಂಡದ್ದು ಅರ್ಧ ಶತಮಾನದ ಮೇಲೆ. ಇಂದು ನಾವು ತಿಳಿದಿರುವಂತೆ, ಭಾರತದ ಪೂರ್ವ ಕರಾವಳಿ ಒಂದು ಕಾಲದಲ್ಲಿ ಅಂಟಾರ್ಕ್ಟಿಕಕ್ಕೆ ಅಂಟಿಕೊಂಡಿತ್ತು. ಸುಮಾರು ಹದಿಮೂರು ಕೋಟಿ ವರ್ಷಗಳ ಹಿಂದೆ ಅದು ಬಿಡಿಸಿಕೊಂಡು ಉತ್ತರಕ್ಕೆ ಹೊರಟಿತು. ಒಡಹುಟ್ಟಿದವರಲ್ಲಿ ಒಬ್ಬರು ಬಿಸಿಲಿನತ್ತ ನಡೆದರು. ಇನ್ನೊಬ್ಬರು ಧ್ರುವದಲ್ಲಿ ಉಳಿದು, ಸುಮಾರು ೩.೪ ಕೋಟಿ ವರ್ಷಗಳಿಂದೀಚೆಗೆ ಹಿಮವನ್ನು ಹೊದ್ದುಕೊಂಡರು.

೧೯೮೨ರ ಜನವರಿ ೯ರಂದು ಡಾ. ಎಸ್. ಝಡ್. ಖಾಸಿಂ ಅವರ ನಾಯಕತ್ವದಲ್ಲಿ ಭಾರತದ ಮೊದಲ ತಂಡ ಆ ನೆಲದ ಮೇಲೆ ಕಾಲಿಟ್ಟಿತು. ನಾವು ಅಲ್ಲಿ ಕಟ್ಟಿದ ಮೊದಲ ಠಾಣೆ ದಕ್ಷಿಣ ಗಂಗೋತ್ರಿ ಕೆಲವೇ ವರ್ಷಗಳಲ್ಲಿ ಹಿಮದಲ್ಲಿ ಹೂತುಹೋಯಿತು. ಅನಂತರದ ಮೈತ್ರಿ ಮತ್ತು ಭಾರತಿ ಠಾಣೆಗಳಲ್ಲಿ ನಮ್ಮವರು ಇಂದು ವರ್ಷವಿಡೀ ಇದ್ದು, ಬವರ್ಸ್ ಮಾಡುತ್ತಿದ್ದ ಕೆಲಸವನ್ನೇ ಮುಂದುವರಿಸಿದ್ದಾರೆ. ಆ ಹಿಮವೆಲ್ಲ ಕರಗಿದರೆ ಜಗತ್ತಿನ ಕಡಲುಗಳು ಐವತ್ತು ಮೀಟರಿಗೂ ಮಿಗಿಲಾಗಿ ಏರುತ್ತವೆ. ಹಾಗೆ ಒಮ್ಮೆಲೇ ಆಗದೆಂಬುದು ನಿಜ. ಆದರೆ ಅಂಚುಗಳು ಕರಗತೊಡಗಿರುವುದೂ ನಿಜ. ಅಲ್ಲಿನ ಉಷ್ಣಮಾಪಕದ ಒಂದೊಂದು ಅಂಕಿಯೂ ನಮ್ಮ ಕರಾವಳಿಯ ಮೊಮ್ಮಕ್ಕಳಿಗೆ ಸಂಬಂಧಿಸಿದ್ದು.

ನನ್ನ ಸಹಪಾಠಿಯ ಪ್ರಶ್ನೆಗೆ ಈಗ ಮರಳುತ್ತೇನೆ. ಹದಿನಾರು ಕಿಲೊ ಕಲ್ಲನ್ನು ಎಸೆದಿದ್ದರೆ ಅವರು ಬದುಕುತ್ತಿದ್ದರೇ? ಬಂಡಿಯ ಒಟ್ಟು ಭಾರದಲ್ಲಿ ಅದು ಸಣ್ಣ ಪಾಲು. ಅದರಿಂದ ಸಾವು ತಪ್ಪುತ್ತಿತ್ತೆಂದು ನನಗೆ ತೋರುವುದಿಲ್ಲ. ಧ್ರುವವನ್ನು ಮೊದಲು ಮುಟ್ಟಿದ ಕೀರ್ತಿ ಅವರ ಕೈತಪ್ಪಿತ್ತು. ಊರಿಗೆ ಒಯ್ಯಲು ಅವರಲ್ಲಿ ಉಳಿದಿದ್ದುದು ಕೆಲವು ಅಂಕಿಗಳು, ಕೆಲವು ಕಲ್ಲುಗಳು. ತಾವು ತಲುಪದಿದ್ದರೂ ಅವು ತಲುಪಬೇಕೆಂದು ಅವರು ಬಯಸಿದರು, ಅವು ತಲುಪಿದವು. ಅಂದು ಮೇಷ್ಟರು ಹೇಳಿದ್ದೂ ಸರಿಯೇ, ಆ ಪ್ರಶ್ನೆ ನಮ್ಮ ಪರೀಕ್ಷೆಗೆ ಬರಲಿಲ್ಲ. ಆ ಹುಡುಗ ಈಗ ಎಲ್ಲಿದ್ದಾನೋ ಕಾಣೆ. ಎಲ್ಲಿಯಾದರೂ ಇದ್ದು ಈ ಮಾತುಗಳು ಅವನ ಕಿವಿಗೆ ಬಿದ್ದರೆ, ತಡವಾದರೂ ಉತ್ತರ ಸಿಕ್ಕಿತೆಂದು ಅವನು ತಿಳಿದಾನು.