ಗೆಂಡೆ ಮೀನಿನ ಬೀಗಕ್ಕೆ ಯಾರ ಕೀಲಿ?

ಕಾಟ್ಲಾ, ರೋಹು ಮರಿ ಬೇಕೆಂದರೆ ಒಂದು ಕಾಲಕ್ಕೆ ನದಿಯನ್ನೇ ಕಾಯಬೇಕಿತ್ತು. ಈ ಗೆಂಡೆ ಮೀನುಗಳು ಕೆರೆಯಲ್ಲಿ ಬೆಳೆದು ಹೊಟ್ಟೆತುಂಬ ಮೊಟ್ಟೆ ಕಟ್ಟಿದರೂ ನಿಂತ ನೀರಲ್ಲಿ ಸಾಮಾನ್ಯವಾಗಿ ಮೊಟ್ಟೆ ಇಡುವುದಿಲ್ಲ. ನದಿಯಲ್ಲಿ ಹಿಡಿದ ಮರಿಗಳಲ್ಲಿ ಬೇಡದ ಮೀನೂ ಬೆರೆತಿರುತ್ತಿದ್ದವು.

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ, ಕೆ.ಎಚ್. ಅಲಿಕುಂಞಿ ದಾರಿ ತೋರಿಸಿದರು. ಬೇರೆ ಮೀನಿನ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ತೆಗೆದು, ಅರೆದು, ಅದರ ರಸವನ್ನು ಇಂಜೆಕ್ಷನ್ ಕೊಟ್ಟರು. ಮೀನು ಮೊಟ್ಟೆ ಇಟ್ಟಿತು.

ಮೀನಿನ ಗ್ರಂಥಿಯೇ ಏಕೆ? ಹಾರ್ಮೋನು ಕೀಲಿ ಇದ್ದಂತೆ, ಜೀವಕೋಶದ ಮೇಲಿನ ಗ್ರಾಹಕ ಬೀಗ ಇದ್ದಂತೆ. ಹಸುವಿನಲ್ಲೂ ಮನುಷ್ಯರಲ್ಲೂ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಎರಡು ಕೀಲಿಗಳಿಗೆ ಬೇರೆ ಬೇರೆ ಬೀಗ. ಕೆಲವು ಮೀನುಗಳಲ್ಲಿ ಇಷ್ಟು ಬಿಗಿಯಿಲ್ಲ, ಎಲ್‌ಎಚ್ ಎರಡೂ ಬೀಗ ತೆರೆಯುತ್ತದೆ. ಹಾಗೆಂದು ಹೊರಗಿನ ಕೀಲಿಯೆಲ್ಲ ನಡೆಯುವುದಿಲ್ಲ. ಗರ್ಭಿಣಿಯರ ಮೂತ್ರದಿಂದ ತೆಗೆಯುವ ಎಚ್‌ಸಿಜಿ ಕೆಲವು ಜಾತಿಯ ಮೀನಿಗೆ ಸಾಕು; ಗೆಂಡೆಗೆ ಅದೊಂದನ್ನೇ ನಂಬುವಂತಿಲ್ಲ. ಗೆಂಡೆಗೆ ಗೆಂಡೆಯ ಗ್ರಂಥಿಯೇ ಚೆನ್ನಾಗಿ ಒಪ್ಪಿತು.

ಈಗ ಮೀನಿನ ತಲೆ ಸೀಳಲೇಬೇಕೆಂದಿಲ್ಲ. ಸಾಲ್ಮನ್ ಮೀನಿನ ಮಿದುಳಿನ ಹಾರ್ಮೋನಿನ ಮಾದರಿಯಲ್ಲಿ ತಯಾರಿಸಿದ ಔಷಧ ಸಿಗುತ್ತದೆ. ಅದು ಮೀನಿನ ಸ್ವಂತ ಗ್ರಂಥಿಯಿಂದಲೇ ಸರಿಯಾದ ಕೀಲಿಯನ್ನು ಹೊರಡಿಸುತ್ತದೆ.

ಜುಲೈ 10 ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನ. ಕೆರೆಗೆ ಮರಿ ಬಿಡುವವರಿಗೆ ನೆನಪಿರಬೇಕಾದ ತಾರೀಖು.